ಲಿಸ್ಟ್ ಡೇಟಾ ಲಿಸನರ್

ಲಿಸ್ಟ್ ಡೇಟಾ ಲಿಸನರ್ ಎಂಬುದು ಜಾವಾ ಭಾಷೆಯ ಸ್ವಿಂಗ್ ಲೈಬ್ರರಿಯಲ್ಲಿರುವ ಒಂದು ಇಂಟರ್ಫೇಸ್. ಡೆಸ್ಕ್‌ಟಾಪ್ ತಂತ್ರಾಂಶದ ಕಿಟಕಿಯಲ್ಲಿ ಕಾಣುವ ಪಟ್ಟಿಗೆ ಆಧಾರವಾದ ದತ್ತಾಂಶದಲ್ಲಿ ಸಾಲುಗಳು ಸೇರಿದಾಗ, ಅಳಿದಾಗ ಅಥವಾ ಬದಲಾದಾಗ ಆ ಸುದ್ದಿಯನ್ನು ಪಡೆಯಬೇಕಾದ ವಸ್ತುಗಳು ಈ ಇಂಟರ್ಫೇಸನ್ನು ಅಳವಡಿಸಿಕೊಳ್ಳುತ್ತವೆ. ಲಿಸನರ್ ಎಂದರೆ ಕೇಳುಗ. ಪಟ್ಟಿಯಲ್ಲಿ ಏನಾಯಿತು, ಎಷ್ಟನೆಯ ಸಾಲಿನಿಂದ ಎಷ್ಟನೆಯ ಸಾಲಿನವರೆಗೆ ಆಯಿತು ಎಂಬುದನ್ನು ಕೇಳಿ ತಕ್ಕ ಕ್ರಮ ಕೈಗೊಳ್ಳುವುದು ಅದರ ಕೆಲಸ.

ಪಟ್ಟಿ ಬದಲಾದದ್ದು ಪರದೆಗೆ ತಾನಾಗಿಯೇ ತಿಳಿಯುವುದಿಲ್ಲ. ಯಾರಾದರೂ ತಿಳಿಸಬೇಕು, ಮತ್ತು ಸರಿಯಾಗಿ ತಿಳಿಸಬೇಕು. ತಿಳಿಸದಿದ್ದರೆ ಪರದೆಯ ಮೇಲೆ ಹಳೆಯ ಪಟ್ಟಿಯೇ ಉಳಿಯುತ್ತದೆ. ಅರ್ಧಂಬರ್ಧ ತಿಳಿಸಿದರೆ ಪಟ್ಟಿ ಹೊಸದಾಗಿ ಕಂಡರೂ ಬಳಕೆದಾರರು ಆಯ್ದಿದ್ದ ಸಾಲು ಬೇರೊಂದಾಗಿಬಿಡಬಹುದು. ಈ ಎರಡನೆಯ ತಪ್ಪು ಕಣ್ಣಿಗೆ ಸುಲಭವಾಗಿ ಬೀಳದ ಕಾರಣ ಹೆಚ್ಚು ಅಪಾಯಕಾರಿಯಾಗಿದೆ.

ಹಿನ್ನೆಲೆ

ಪಟ್ಟಿಯನ್ನು ತೋರಿಸುವ ತಂತ್ರಾಂಶದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಗಣಕದ ಸ್ಮರಣೆಯಲ್ಲಿರುವ ನಿಜವಾದ ಪಟ್ಟಿ. ಇದನ್ನು ಮಾಡೆಲ್ ಎನ್ನುತ್ತಾರೆ. ಎರಡನೆಯದು ಪರದೆಯ ಮೇಲೆ ಕಾಣುವ ಅದರ ಚಿತ್ರ. ಇದನ್ನು ವ್ಯೂ ಅಥವಾ ನೋಟ ಎನ್ನುತ್ತಾರೆ. ನೋಡುವವರಿಗೆ ಇವೆರಡೂ ಒಂದೇ ಎಂಬ ಭಾವನೆ ಬರುತ್ತದೆ, ಆದರೆ ಗಣಕದ ಮಟ್ಟಿಗೆ ಅವು ಬೇರೆ ಬೇರೆ ವಸ್ತುಗಳು.

ಇದನ್ನು ಶಾಲೆಯ ಹಾಜರಿ ಪುಸ್ತಕ ಮತ್ತು ಕಪ್ಪುಹಲಗೆಯ ಹೋಲಿಕೆಯಿಂದ ತಿಳಿಯಬಹುದು. ಕರ್ನಾಟಕದ ಶಾಲೆಗಳ ತರಗತಿಗಳಲ್ಲಿ ಕಪ್ಪುಹಲಗೆಯ ಮೂಲೆಯಲ್ಲಿ ಅಂದಿನ ದಾಖಲಾತಿ ಮತ್ತು ಹಾಜರಾತಿಯ ಸಂಖ್ಯೆ ಬರೆಯುವ ರೂಢಿಯಿದೆ. ಹಾಜರಿ ಪುಸ್ತಕವೇ ಮಾಡೆಲ್, ಹಲಗೆಯ ಮೇಲಿನ ಬರಹವೇ ನೋಟ. ಮಧ್ಯಾಹ್ನ ಹೊಸ ವಿದ್ಯಾರ್ಥಿಯೊಬ್ಬ ದಾಖಲಾದರೆ ಪುಸ್ತಕದಲ್ಲಿ ಹೆಸರು ಏರುತ್ತದೆ, ಹಲಗೆಯ ಮೇಲಿನ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ಯಾರಾದರೂ ಎದ್ದು ಹೋಗಿ ಅಳಿಸಿ ಬರೆಯಬೇಕು. ಹಾಗೆ ಬರೆಯಲು ಸುದ್ದಿ ತಿಳಿದಿರಬೇಕು.

ಸುದ್ದಿ ತಿಳಿಯಲು ಎರಡು ದಾರಿಗಳಿವೆ. ಬದಲಾವಣೆ ಆಗಿದೆಯೇ ಎಂದು ನೋಟವೇ ಆಗಾಗ ಮಾಡೆಲನ್ನು ಕೇಳುತ್ತಿರುವುದು ಒಂದು. ಇದರಲ್ಲಿ ಬಹಳಷ್ಟು ಕೇಳಿಕೆಗಳು ವ್ಯರ್ಥವಾಗುತ್ತವೆ, ಎರಡು ಕೇಳಿಕೆಗಳ ನಡುವಿನ ಅವಧಿಯಲ್ಲಿ ಪರದೆ ಹಳೆಯದಾಗಿಯೇ ಇರುತ್ತದೆ. ಇನ್ನೊಂದು ದಾರಿಯಲ್ಲಿ ನೋಟವು ತನ್ನ ಹೆಸರನ್ನು ಮೊದಲೇ ಮಾಡೆಲ್ ಬಳಿ ನೋಂದಾಯಿಸುತ್ತದೆ, ಬದಲಾವಣೆ ಆದ ಕ್ಷಣದಲ್ಲಿ ಮಾಡೆಲ್ ತಾನೇ ಕರೆದು ಹೇಳುತ್ತದೆ. ಲಿಸ್ಟ್ ಡೇಟಾ ಲಿಸನರ್ ಈ ಎರಡನೆಯ ದಾರಿಗೆ ಸೇರಿದೆ.

ಇತಿಹಾಸ

ದತ್ತಾಂಶವನ್ನೂ ಅದರ ನೋಟವನ್ನೂ ಬೇರ್ಪಡಿಸುವ ವಿಚಾರವನ್ನು ನಾರ್ವೆಯ ವಿಜ್ಞಾನಿ ಟ್ರೈಗ್ವೆ ರೀನ್‌ಸ್ಕೌಗ್ ಅವರು 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆಯ ಸಂದರ್ಭದಲ್ಲಿ ರೂಪಿಸಿದರು. ಇದು ಮಾಡೆಲ್–ವ್ಯೂ–ಕಂಟ್ರೋಲರ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ನೋಂದಾಯಿಸಿಕೊಂಡವರಿಗೆ ಸುದ್ದಿ ಕಳಿಸುವ ಕ್ರಮಕ್ಕೆ ಅಬ್ಸರ್ವರ್ ಎಂಬ ಹೆಸರು ನೆಲೆಯಾದದ್ದು 1994ರಲ್ಲಿ ಪ್ರಕಟವಾದ ಡಿಸೈನ್ ಪ್ಯಾಟರ್ನ್ಸ್ ಎಂಬ ಪುಸ್ತಕದಿಂದ. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡೀಸ್ ಅದರ ಲೇಖಕರು.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1998ರ ಡಿಸೆಂಬರ್‌ನಲ್ಲಿ ಹೊರತಂದ ಜಾವಾ 1.2 ಆವೃತ್ತಿಯಲ್ಲಿ ಸ್ವಿಂಗ್ ಲೈಬ್ರರಿ ಜಾವಾದ ಅಂಗವಾಯಿತು. ಪಟ್ಟಿ, ಕೋಷ್ಟಕ, ಮರದಾಕಾರದ ರಚನೆ ಮೊದಲಾದ ಪ್ರತಿಯೊಂದಕ್ಕೂ ಅದರಲ್ಲಿ ಪ್ರತ್ಯೇಕ ಮಾಡೆಲ್ ಮತ್ತು ಪ್ರತ್ಯೇಕ ಕೇಳುಗ ಇದೆ. ಪಟ್ಟಿಗೆ ಸಂಬಂಧಿಸಿದ ಕೇಳುಗನೇ ಲಿಸ್ಟ್ ಡೇಟಾ ಲಿಸನರ್.

ರಚನೆ

ಸ್ವಿಂಗ್‌ನಲ್ಲಿ ಪಟ್ಟಿಯ ದತ್ತಾಂಶವನ್ನು ಪ್ರತಿನಿಧಿಸುವ ಇಂಟರ್ಫೇಸಿಗೆ ಲಿಸ್ಟ್ ಮಾಡೆಲ್ ಎಂದು ಹೆಸರು. ಅದರಲ್ಲಿ ನಾಲ್ಕೇ ಮೆಥಡ್‌ಗಳಿವೆ. ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ ಎಂದು ಒಂದು ಹೇಳುತ್ತದೆ. ಇಂತಿಷ್ಟನೆಯ ಸಾಲಿನಲ್ಲಿ ಏನಿದೆ ಎಂದು ಇನ್ನೊಂದು ಹೇಳುತ್ತದೆ. ಉಳಿದೆರಡು ಕೇಳುಗರನ್ನು ನೋಂದಾಯಿಸಲು ಮತ್ತು ನೋಂದಣಿ ರದ್ದುಪಡಿಸಲು ಇವೆ.

ಲಿಸ್ಟ್ ಡೇಟಾ ಲಿಸನರ್‌ನಲ್ಲಿ ಮೂರು ಮೆಥಡ್‌ಗಳಿವೆ:

1. ಇಂಟರ್ವಲ್ ಆಡೆಡ್: ಪಟ್ಟಿಯ ಒಂದು ಜಾಗದಲ್ಲಿ ಒಂದು ಅಥವಾ ಒಂದಕ್ಕೊಂದು ಅಂಟಿಕೊಂಡ ಹಲವು ಸಾಲುಗಳು ಸೇರಿದಾಗ ಇದನ್ನು ಕರೆಯಲಾಗುತ್ತದೆ.
2. ಇಂಟರ್ವಲ್ ರಿಮೂವ್ಡ್: ಅಂಟಿಕೊಂಡಿರುವ ಸಾಲುಗಳು ಅಳಿದಾಗ ಇದನ್ನು ಕರೆಯಲಾಗುತ್ತದೆ.
3. ಕಂಟೆಂಟ್ಸ್ ಚೇಂಜ್ಡ್: ಸಾಲುಗಳ ಒಳಗಿನ ವಿಷಯ ಬದಲಾದಾಗ, ಅಥವಾ ಬದಲಾವಣೆಯು ಮೇಲಿನ ಎರಡು ಬಗೆಗಳಿಗೆ ಹೊಂದದಷ್ಟು ಜಟಿಲವಾದಾಗ ಇದನ್ನು ಕರೆಯಲಾಗುತ್ತದೆ.

ಮೂರಕ್ಕೂ ಲಿಸ್ಟ್ ಡೇಟಾ ಇವೆಂಟ್ ಎಂಬ ಸುದ್ದಿಚೀಟಿ ತಲುಪುತ್ತದೆ. ಸುದ್ದಿ ಯಾವ ಮಾಡೆಲ್‌ನಿಂದ ಬಂತು, ಬದಲಾವಣೆ ಯಾವ ಬಗೆಯದು, ಮೊದಲ ಸಾಲಿನ ಕ್ರಮಾಂಕವೆಷ್ಟು, ಕೊನೆಯ ಸಾಲಿನ ಕ್ರಮಾಂಕವೆಷ್ಟು ಎಂಬ ನಾಲ್ಕು ಮಾಹಿತಿಗಳು ಅದರಲ್ಲಿರುತ್ತವೆ. ಕ್ರಮಾಂಕಗಳು 0ಯಿಂದ ಆರಂಭವಾಗುತ್ತವೆ. ಎರಡು ಕ್ರಮಾಂಕಗಳೂ ವ್ಯಾಪ್ತಿಯ ಒಳಗೇ ಸೇರಿರುತ್ತವೆ. ಅಂದರೆ 3 ಮತ್ತು 5 ಎಂದಿದ್ದರೆ ಸಂಬಂಧಪಟ್ಟ ಸಾಲುಗಳು ಮೂರು. ಬದಲಾದ ಸಾಲುಗಳ ವಿಷಯ ಚೀಟಿಯಲ್ಲಿ ಇರುವುದಿಲ್ಲ, ಬೇಕಿದ್ದರೆ ಅದನ್ನು ಮಾಡೆಲ್‌ನಿಂದ ಕೇಳಿ ಪಡೆಯಬೇಕು.

ಸುದ್ದಿ ಬರುವುದು ಬದಲಾವಣೆ ಮುಗಿದ ಮೇಲೆ. ಆದುದರಿಂದ ಸಾಲುಗಳು ಅಳಿದ ಸುದ್ದಿ ತಲುಪುವ ಹೊತ್ತಿಗೆ ಆ ಸಾಲುಗಳು ಮಾಡೆಲ್‌ನಲ್ಲಿ ಉಳಿದಿರುವುದಿಲ್ಲ. ಅಳಿದದ್ದು ಏನು ಎಂದು ತಿಳಿಯಬೇಕಾದ ಕೇಳುಗನು ತನ್ನ ಬಳಿ ಮೊದಲೇ ಒಂದು ಪ್ರತಿಯನ್ನು ಇಟ್ಟುಕೊಂಡಿರಬೇಕಾಗುತ್ತದೆ.

ಹೆಚ್ಚಿನ ತಂತ್ರಾಂಶಗಳು ಡೀಫಾಲ್ಟ್ ಲಿಸ್ಟ್ ಮಾಡೆಲ್ ಎಂಬ ಸಿದ್ಧ ಮಾಡೆಲನ್ನು ಬಳಸುತ್ತವೆ. ಸಾಲು ಸೇರಿಸಿದಾಗ, ತೆಗೆದಾಗ ಅಥವಾ ಬದಲಿಸಿದಾಗ ತಕ್ಕ ಸುದ್ದಿಯನ್ನು ಅದು ತಾನೇ ಹೊರಡಿಸುತ್ತದೆ. ಸ್ವಂತ ಮಾಡೆಲ್ ಬರೆಯುವವರು ಆಬ್ಸ್ಟ್ರಾಕ್ಟ್ ಲಿಸ್ಟ್ ಮಾಡೆಲನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಕೇಳುಗರ ನೋಂದಣಿಯನ್ನು ಅದು ನೋಡಿಕೊಳ್ಳುತ್ತದೆ, ಆದರೆ ಪ್ರತಿ ಬದಲಾವಣೆಯ ನಂತರ ಸುದ್ದಿ ಹೊರಡಿಸುವ ಹೊಣೆ ಬರೆಯುವವರದೇ.

ಉದಾಹರಣೆ: ಗದಗ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ

ಆಡಳಿತ ವಿಭಾಗಗಳ ಪಟ್ಟಿ ಸ್ಥಿರವೆಂದು ತೋರಿದರೂ ಕಾಲಕಾಲಕ್ಕೆ ಬದಲಾಗುತ್ತದೆ. ಗದಗ ಜಿಲ್ಲೆಯ ತಾಲ್ಲೂಕುಗಳು ಇದಕ್ಕೆ ಒಳ್ಳೆಯ ನಿದರ್ಶನ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಗದಗ ಜಿಲ್ಲೆ ರಚನೆಯಾದಾಗ ಅದರಲ್ಲಿ ಐದು ತಾಲ್ಲೂಕುಗಳಿದ್ದವು. ಅರ್ಜಿ ನಮೂನೆಯ ಕಿಟಕಿಯೊಂದರಲ್ಲಿ ಇವನ್ನು ಅಕಾರಾದಿಯಾಗಿ ತೋರಿಸಿದರೆ ಪಟ್ಟಿ ಹೀಗಿರುತ್ತದೆ:

0. ಗದಗ
1. ನರಗುಂದ
2. ಮುಂಡರಗಿ
3. ರೋಣ
4. ಶಿರಹಟ್ಟಿ

ಖಾಲಿ ಮಾಡೆಲ್‌ಗೆ ಈ ಐದು ಹೆಸರುಗಳನ್ನು ಒಂದೊಂದಾಗಿ ಸೇರಿಸಿದರೆ ಐದು ಸುದ್ದಿಗಳು ಹೊರಡುತ್ತವೆ. ಜಾವಾ 11ರಿಂದ ಡೀಫಾಲ್ಟ್ ಲಿಸ್ಟ್ ಮಾಡೆಲ್‌ನಲ್ಲಿ ಆಡ್ ಆಲ್ ಎಂಬ ಮೆಥಡ್ ಇದೆ. ಅದನ್ನು ಬಳಸಿದರೆ 0ಯಿಂದ 4ರವರೆಗೆ ಸಾಲುಗಳು ಸೇರಿವೆ ಎಂಬ ಒಂದೇ ಸುದ್ದಿ ಹೊರಡುತ್ತದೆ.

ಕರ್ನಾಟಕ ಸರ್ಕಾರವು 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿತು. ಆ ಸರಣಿಯಲ್ಲಿ ರೋಣ ತಾಲ್ಲೂಕಿನಿಂದ ಗಜೇಂದ್ರಗಡ, ಶಿರಹಟ್ಟಿ ತಾಲ್ಲೂಕಿನಿಂದ ಲಕ್ಷ್ಮೇಶ್ವರ ಪ್ರತ್ಯೇಕ ತಾಲ್ಲೂಕುಗಳಾದವು. ಅಕಾರಾದಿಯಲ್ಲಿ ಈ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ಬರುವುದಿಲ್ಲ. ಆದುದರಿಂದ ಒಂದು ಸುದ್ದಿ ಸಾಲದು, ಎರಡು ಬೇಕು. ಮೊದಲು 0ನೆಯ ಜಾಗದಲ್ಲಿ ಗಜೇಂದ್ರಗಡ ಸೇರುತ್ತದೆ, ಉಳಿದೆಲ್ಲವೂ ಒಂದು ಸಾಲು ಕೆಳಗಿಳಿಯುತ್ತವೆ. ಅನಂತರ 5ನೆಯ ಜಾಗದಲ್ಲಿ ಲಕ್ಷ್ಮೇಶ್ವರ ಸೇರುತ್ತದೆ, ಶಿರಹಟ್ಟಿ 6ಕ್ಕೆ ಇಳಿಯುತ್ತದೆ. ಕೊನೆಯ ಪಟ್ಟಿ ಹೀಗಾಗುತ್ತದೆ:

0. ಗಜೇಂದ್ರಗಡ
1. ಗದಗ
2. ನರಗುಂದ
3. ಮುಂಡರಗಿ
4. ರೋಣ
5. ಲಕ್ಷ್ಮೇಶ್ವರ
6. ಶಿರಹಟ್ಟಿ

ಇದೇ ಸಂದರ್ಭದಲ್ಲಿ ಶಿರಹಟ್ಟಿ ಎಂಬ ಸಾಲು ಅಳಿಯಲಿಲ್ಲ, ಹೆಸರೂ ಬದಲಾಗಲಿಲ್ಲ. ಆದರೆ ಅದು ಸೂಚಿಸುವ ಪ್ರದೇಶ ಕಿರಿದಾಯಿತು. ಸಾಲಿನ ಪಕ್ಕದಲ್ಲಿ ಗ್ರಾಮಗಳ ಸಂಖ್ಯೆಯನ್ನೂ ತೋರಿಸುವ ತಂತ್ರಾಂಶವಾದರೆ ಅಲ್ಲಿ ಕಂಟೆಂಟ್ಸ್ ಚೇಂಜ್ಡ್ ಸುದ್ದಿ ಬೇಕಾಗುತ್ತದೆ. ತಾಲ್ಲೂಕನ್ನು ಆಯ್ದ ಕೂಡಲೇ ಅದರ ಗ್ರಾಮಗಳು ಇನ್ನೊಂದು ಪಟ್ಟಿಯಲ್ಲಿ ಮೂಡುವಂತಿದ್ದರೆ, ಹಿಂದೆ ಶಿರಹಟ್ಟಿಯ ಕೆಳಗೆ ತೋರುತ್ತಿದ್ದ ಲಕ್ಷ್ಮೇಶ್ವರ ಭಾಗದ ಗ್ರಾಮಗಳು ಆ ಎರಡನೆಯ ಪಟ್ಟಿಯಿಂದ ಅಳಿಯಬೇಕು. ಅಲ್ಲಿ ಇಂಟರ್ವಲ್ ರಿಮೂವ್ಡ್ ಸುದ್ದಿ ಬೇಕು. ಹೀಗೆ ಆಡಳಿತದ ಒಂದೇ ತೀರ್ಮಾನವು ಮೂರೂ ಬಗೆಯ ಸುದ್ದಿಗಳನ್ನು ಹುಟ್ಟಿಸಬಲ್ಲದು.

ಆಯ್ಕೆಯ ಸಾಲಿನ ಮೇಲಾಗುವ ಪರಿಣಾಮ

ಸುದ್ದಿಯ ನಿಖರತೆ ಎಷ್ಟು ಮುಖ್ಯ ಎಂಬುದು ಬಳಕೆದಾರರು ಈಗಾಗಲೇ ಒಂದು ಸಾಲನ್ನು ಆಯ್ದಿರುವಾಗ ಸ್ಪಷ್ಟವಾಗುತ್ತದೆ. ಸ್ವಿಂಗ್‌ನ ಪಟ್ಟಿಯು ಆಯ್ಕೆಯನ್ನು ಹೆಸರಿನಿಂದಲ್ಲ, ಕ್ರಮಾಂಕದಿಂದ ನೆನಪಿಡುತ್ತದೆ. ಮುಂಡರಗಿಯನ್ನು ಆಯ್ದರೆ ಅದು ನೆನಪಿಡುವುದು 2 ಎಂಬ ಅಂಕಿಯನ್ನು.

ಮುಂಡರಗಿ ತಾಲ್ಲೂಕಿನ ಅರ್ಜಿದಾರರೊಬ್ಬರ ವಿವರವನ್ನು ತುಂಬುತ್ತಿರುವ ಸಿಬ್ಬಂದಿಯು ಪಟ್ಟಿಯಲ್ಲಿ ಮುಂಡರಗಿಯನ್ನು ಆಯ್ದು, ಉಳಿದ ಕಲಮುಗಳನ್ನು ಭರ್ತಿ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ಅದೇ ವೇಳೆಗೆ ಕೇಂದ್ರ ಸರ್ವರ್‌ನಿಂದ ಹೊಸ ಪಟ್ಟಿ ಬಂದು 0ನೆಯ ಜಾಗದಲ್ಲಿ ಗಜೇಂದ್ರಗಡ ಸೇರುತ್ತದೆ. ಮುಂದೆ ಆಗುವುದು ಮಾಡೆಲ್ ಯಾವ ಸುದ್ದಿ ಹೊರಡಿಸಿತು ಎಂಬುದನ್ನು ಅವಲಂಬಿಸಿದೆ.

ಸುದ್ದಿಯೇ ಹೊರಡದಿದ್ದರೆ ಪರದೆಯ ಮೇಲೆ ಹಳೆಯ ಚಿತ್ರ ಉಳಿಯುತ್ತದೆ. ಆಯ್ಕೆಯ ಪಟ್ಟೆ ಮುಂಡರಗಿಯ ಮೇಲೆಯೇ ಇರುವಂತೆ ಕಾಣುತ್ತದೆ. ಆದರೆ ಉಳಿಸುವ ಗುಂಡಿಯನ್ನು ಒತ್ತಿದಾಗ ತಂತ್ರಾಂಶವು 2ನೆಯ ಸಾಲಿನಲ್ಲಿ ಏನಿದೆ ಎಂದು ಮಾಡೆಲನ್ನು ಕೇಳುತ್ತದೆ. ನರಗುಂದ ಎಂಬ ಉತ್ತರ ಬರುತ್ತದೆ.

ಎಲ್ಲವೂ ಬದಲಾಗಿದೆ ಎಂಬ ಅರ್ಥದ ಕಂಟೆಂಟ್ಸ್ ಚೇಂಜ್ಡ್ ಸುದ್ದಿ ಹೊರಟರೆ ಪರದೆಯ ಮೇಲೆ ಹೊಸ ಪಟ್ಟಿ ಮೂಡುತ್ತದೆ. ಆದರೆ ಆಯ್ಕೆಯ ಕ್ರಮಾಂಕ 2ರಲ್ಲೇ ಉಳಿದು, ಪಟ್ಟೆ ನರಗುಂದದ ಮೇಲೆ ಬರುತ್ತದೆ. ಕ್ರಮಾಂಕ ಬದಲಾಗದ ಕಾರಣ ಆಯ್ಕೆ ಬದಲಾಯಿತೆಂಬ ಬೇರೆ ಸೂಚನೆಯೂ ಹೊರಡುವುದಿಲ್ಲ. ಸಿಬ್ಬಂದಿಯ ಗಮನ ಬೇರೆ ಕಲಮಿನ ಮೇಲಿದ್ದರೆ ಅರ್ಜಿಯು ನರಗುಂದದ ಹೆಸರಿನಲ್ಲಿ ದಾಖಲಾಗುತ್ತದೆ.

0ನೆಯ ಜಾಗದಲ್ಲಿ ಒಂದು ಸಾಲು ಸೇರಿದೆ ಎಂಬ ಇಂಟರ್ವಲ್ ಆಡೆಡ್ ಸುದ್ದಿ ಹೊರಟರೆ ಮಾತ್ರ ಪಟ್ಟಿಯು ತನ್ನ ಆಯ್ಕೆಯ ಕ್ರಮಾಂಕವನ್ನೂ ಒಂದು ಮುಂದಕ್ಕೆ ಸರಿಸಿ 3 ಮಾಡಿಕೊಳ್ಳುತ್ತದೆ. ಪಟ್ಟೆ ಮುಂಡರಗಿಯ ಮೇಲೆಯೇ ಉಳಿಯುತ್ತದೆ, ಅರ್ಜಿಯೂ ಮುಂಡರಗಿಯ ಹೆಸರಿನಲ್ಲಿಯೇ ದಾಖಲಾಗುತ್ತದೆ.

ಮೂರು ಸಂದರ್ಭಗಳಲ್ಲೂ ಮಾಡೆಲ್‌ನಲ್ಲಿರುವ ದತ್ತಾಂಶ ಒಂದೇ, ಮತ್ತು ಅದರಲ್ಲಿ ತಪ್ಪಿಲ್ಲ. ವ್ಯತ್ಯಾಸವಿರುವುದು ಸುದ್ದಿಯಲ್ಲಿ ಮಾತ್ರ. ಆದರೆ ಅದರ ಫಲವನ್ನು ಅನುಭವಿಸುವವರು ಪರದೆಯನ್ನು ಕಾಣದ ಅರ್ಜಿದಾರರು. ತಮ್ಮದಲ್ಲದ ತಾಲ್ಲೂಕಿನ ಕಚೇರಿಗೆ ಹೋದ ಅರ್ಜಿಯನ್ನು ಹುಡುಕಿ ತರುವ ಅಲೆದಾಟ ಅವರ ಪಾಲಿಗೆ ಬರುತ್ತದೆ.

ನಿಖರವಾದ ಸುದ್ದಿಯಲ್ಲಿಯೂ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸ್ವಿಂಗ್‌ನ ಪಟ್ಟಿಯಲ್ಲಿ ಬೇರೆ ಸೂಚನೆ ಕೊಡದಿದ್ದರೆ ಏಕಕಾಲಕ್ಕೆ ಹಲವು ಸಾಲುಗಳನ್ನು ಆಯಬಹುದು. ಈ ಕ್ರಮದಲ್ಲಿ, ಆಯ್ದ ಸಾಲು ಇರುವ ಜಾಗದಲ್ಲಿಯೇ ಹೊಸ ಸಾಲು ಸೇರಿದರೆ ಹೊಸದೂ ಆಯ್ಕೆಗೆ ಒಳಪಡುತ್ತದೆ. 5ನೆಯ ಜಾಗದಲ್ಲಿರುವ ಶಿರಹಟ್ಟಿಯನ್ನು ಆಯ್ದಿರುವಾಗ ಅದೇ ಜಾಗದಲ್ಲಿ ಲಕ್ಷ್ಮೇಶ್ವರ ಸೇರಿದರೆ, ಲಕ್ಷ್ಮೇಶ್ವರ ಮತ್ತು ಶಿರಹಟ್ಟಿ ಎರಡೂ ಆಯ್ಕೆಯಾಗಿ ಕಾಣುತ್ತವೆ. ಒಂದೇ ಸಾಲನ್ನು ಆಯುವ ಕ್ರಮವನ್ನು ನಿಗದಿಪಡಿಸಿದ್ದರೆ ಹೀಗಾಗುವುದಿಲ್ಲ. ತಾಲ್ಲೂಕಿನಂತಹ ಒಂದೇ ಉತ್ತರವಿರುವ ಕಲಮಿಗೆ ಆ ಕ್ರಮವೇ ತಕ್ಕದ್ದು.

ಹೆಸರು ಬದಲಾವಣೆ ಮತ್ತು ಸ್ಥಳಾಂತರ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಇವುಗಳಲ್ಲಿ ಹಲವು ಬದಲಾವಣೆಗಳು ಇಂಗ್ಲಿಷ್ ಕಾಗುಣಿತಕ್ಕೆ ಮಾತ್ರ ಸಂಬಂಧಿಸಿದ್ದವು. ಬಳ್ಳಾರಿ, ಬೆಳಗಾವಿಗಳು ಕನ್ನಡದ ಪಟ್ಟಿಯಲ್ಲಿ ಮೊದಲೂ ಹಾಗೆಯೇ ಇದ್ದವು. ಅಂತಹ ಸಾಲುಗಳಿಗೆ ಇಂಗ್ಲಿಷ್ ಪಟ್ಟಿಯ ನೋಟದಲ್ಲಿ ಕಂಟೆಂಟ್ಸ್ ಚೇಂಜ್ಡ್ ಸುದ್ದಿ ಬೇಕಾಗುತ್ತದೆ, ಕನ್ನಡ ಪಟ್ಟಿಯ ನೋಟಕ್ಕೆ ಯಾವ ಸುದ್ದಿಯೂ ಬೇಕಿಲ್ಲ.

ಬಿಜಾಪುರವು ವಿಜಯಪುರವಾದದ್ದು, ಗುಲ್ಬರ್ಗಾ ಕಲಬುರಗಿಯಾದದ್ದು ಬೇರೆ ಬಗೆಯವು. ಇಲ್ಲಿ ಕನ್ನಡದ ಮೊದಲಕ್ಷರವೇ ಬದಲಾಯಿತು. ಅಕಾರಾದಿ ಪಟ್ಟಿಯಲ್ಲಿ ಒಂದು ಸಾಲು ಬಕಾರದಿಂದ ವಕಾರಕ್ಕೆ ಇಳಿಯಬೇಕು, ಇನ್ನೊಂದು ಗಕಾರದಿಂದ ಕಕಾರಕ್ಕೆ ಏರಬೇಕು. ಲಿಸ್ಟ್ ಡೇಟಾ ಲಿಸನರ್‌ನಲ್ಲಿ ಸ್ಥಳಾಂತರಕ್ಕೆ ಪ್ರತ್ಯೇಕ ಸುದ್ದಿ ಇಲ್ಲ. ಹಳೆಯ ಜಾಗದಲ್ಲಿ ಅಳಿಸಿ ಹೊಸ ಜಾಗದಲ್ಲಿ ಸೇರಿಸುವುದೇ ರೂಢಿ. ಅಳಿಸಿದ ಕ್ಷಣದಲ್ಲಿ ಆ ಸಾಲಿನ ಆಯ್ಕೆ ತಪ್ಪುತ್ತದೆ, ಮತ್ತೆ ಸೇರಿಸಿದಾಗ ತಾನಾಗಿ ಮರಳುವುದಿಲ್ಲ. ಆದುದರಿಂದ ಆಯ್ದ ಸಾಲನ್ನು ಬದಲಾಗದ ಒಂದು ಸಂಕೇತದ ಮೂಲಕ ಮೊದಲೇ ಗುರುತಿಟ್ಟುಕೊಂಡು, ಬದಲಾವಣೆ ಮುಗಿದ ಮೇಲೆ ಅದನ್ನೇ ಹುಡುಕಿ ಮರಳಿ ಆಯುವುದು ಸುರಕ್ಷಿತ ಪದ್ಧತಿ. ಹೆಸರನ್ನೇ ಗುರುತಾಗಿ ಬಳಸುವುದು ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಬದಲಾದದ್ದೇ ಹೆಸರು.

ಒಂದು ಪಟ್ಟಿ, ಹಲವು ನೋಟಗಳು

ಒಂದೇ ಮಾಡೆಲ್‌ಗೆ ಎಷ್ಟು ಕೇಳುಗರನ್ನಾದರೂ ನೋಂದಾಯಿಸಬಹುದು. ಪಟ್ಟಿ ತೋರಿಸುವ ಕಿಟಕಿ, ಒಟ್ಟು ಸಂಖ್ಯೆ ತೋರಿಸುವ ಚೌಕ, ಪಟ್ಟಿ ಖಾಲಿಯಾದಾಗ ಅಳಿಸುವ ಗುಂಡಿಯನ್ನು ನಿಷ್ಕ್ರಿಯಗೊಳಿಸುವ ಭಾಗ, ಇವೆಲ್ಲವೂ ಒಂದೇ ಸುದ್ದಿಯನ್ನು ಕೇಳಿ ತಮ್ಮ ತಮ್ಮ ಕೆಲಸ ಮಾಡಬಲ್ಲವು. ಇವು ಒಂದನ್ನೊಂದು ತಿಳಿದಿರಬೇಕಿಲ್ಲ.

ಇಂತಹ ವ್ಯವಸ್ಥೆಯ ಅಗತ್ಯವನ್ನು ಕರ್ನಾಟಕದ ಭೂಮಿ ಯೋಜನೆಯ ನಿದರ್ಶನದಿಂದ ಮನಗಾಣಬಹುದು. ಈ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಉತಾರ ಎಂದು ಕರೆಯುವುದು ಈ ಪಹಣಿಯನ್ನೇ. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಸಿಬ್ಬಂದಿಯ ಪರದೆಯ ಜೊತೆಗೆ ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನು ಇಡಲಾಯಿತು. ತಮ್ಮ ದಾಖಲೆಯ ಮೇಲೆ ನಡೆಯುವ ಕೆಲಸವನ್ನು ರೈತರು ಕಣ್ಣಾರೆ ಕಾಣಲಿ ಎಂಬುದು ಅದರ ಉದ್ದೇಶ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿಯೇ ಇತ್ಯರ್ಥಪಡಿಸುವ ನಿಯಮವನ್ನೂ ತಂತ್ರಾಂಶದಲ್ಲಿ ಅಳವಡಿಸಲಾಯಿತು.

ಎರಡೂ ಕಡೆಯವರು ನೋಡುವ ಪಟ್ಟಿ ಒಂದೇ ಆಗಿರಬೇಕಾದ ಇಂತಹ ಕಡೆಗಳಲ್ಲಿ ಪ್ರತಿ ನೋಟಕ್ಕೂ ಪಟ್ಟಿಯ ಪ್ರತ್ಯೇಕ ಪ್ರತಿಯನ್ನು ಕೊಡುವುದು ಸರಿಯಲ್ಲ. ಪ್ರತಿಗಳು ಒಂದಕ್ಕಿಂತ ಹೆಚ್ಚಾದರೆ ಅವು ಬೇರೆ ಬೇರೆಯಾಗುವ ಸಾಧ್ಯತೆಯೂ ಹುಟ್ಟುತ್ತದೆ. ಮಾಡೆಲ್ ಒಂದೇ ಇದ್ದು ನೋಟಗಳೆಲ್ಲ ಅದರ ಕೇಳುಗರಾಗಿದ್ದರೆ, ಸರದಿಯ ಪಟ್ಟಿಯಲ್ಲಿ ಒಂದು ಅರ್ಜಿ ಮುಂದಕ್ಕೋ ಹಿಂದಕ್ಕೋ ಸರಿದದ್ದು ಎಲ್ಲ ನೋಟಗಳಲ್ಲೂ ಕಾಣುತ್ತದೆ. ಆದರೆ ಯಾವ ಕೇಳುಗನಿಗೆ ಸುದ್ದಿ ಮೊದಲು ತಲುಪುತ್ತದೆ ಎಂಬ ಕ್ರಮವನ್ನು ನೆಚ್ಚಿ ತಂತ್ರಾಂಶ ಬರೆಯಬಾರದು.

ವೇಗವಾಗಿ ಬದಲಾಗುವ ಪಟ್ಟಿಗಳು

ತಾಲ್ಲೂಕುಗಳ ಪಟ್ಟಿ ಹಲವು ವರ್ಷಗಳಿಗೊಮ್ಮೆ ಬದಲಾದರೆ ಕೆಲವು ಪಟ್ಟಿಗಳು ನಿಮಿಷಕ್ಕೆ ಹಲವು ಬಾರಿ ಬದಲಾಗುತ್ತವೆ. ಗದಗ, ಲಕ್ಷ್ಮೇಶ್ವರ, ಮುಂಡರಗಿಗಳಂತಹ ಕೃಷಿ ಉತ್ಪನ್ನ ಮಾರುಕಟ್ಟೆಗಳಿಗೆ ಸುಗ್ಗಿಯ ಕಾಲದಲ್ಲಿ ಶೇಂಗಾ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಲಾಟುಗಳು ಒಂದರ ಹಿಂದೊಂದು ಬರುತ್ತವೆ. ಅವುಗಳನ್ನು ಗಣಕದಲ್ಲಿ ಪಟ್ಟಿಮಾಡಿ, ಪ್ರತಿ ಲಾಟಿನ ಎದುರಿಗೆ ಏರುವ ದರವನ್ನು ತೋರಿಸುವುದಾದರೆ ಸಾಲುಗಳು ಸೇರುವುದೂ ಬದಲಾಗುವುದೂ ನಿರಂತರವಾಗಿ ನಡೆಯುತ್ತದೆ.

ಇಂತಹ ದತ್ತಾಂಶವು ಸಾಮಾನ್ಯವಾಗಿ ಜಾಲದ ಮೂಲಕ ಬೇರೆ ಗಣಕದಿಂದ ಬರುತ್ತದೆ. ಬರುವವರೆಗೆ ಕಿಟಕಿ ಸ್ತಬ್ಧವಾಗಬಾರದೆಂದು ಅದನ್ನು ತರುವ ಕೆಲಸವನ್ನು ಪ್ರತ್ಯೇಕ ಥ್ರೆಡ್‌ಗೆ ವಹಿಸುತ್ತಾರೆ. ಆದರೆ ಸ್ವಿಂಗ್‌ನ ಪರದೆಯ ಭಾಗಗಳನ್ನು ಇವೆಂಟ್ ಡಿಸ್ಪ್ಯಾಚ್ ಥ್ರೆಡ್ ಎಂಬ ಒಂದೇ ಥ್ರೆಡ್‌ನಿಂದ ಮುಟ್ಟಬೇಕೆಂಬುದು ನಿಯಮ. ಮಾಡೆಲ್ ತನ್ನ ಸುದ್ದಿಯನ್ನು ಬದಲಾವಣೆ ನಡೆದ ಥ್ರೆಡ್‌ನಲ್ಲಿಯೇ ಹೊರಡಿಸುತ್ತದೆ. ಹೀಗಾಗಿ ದತ್ತಾಂಶ ತರುವ ಥ್ರೆಡ್ ನೇರವಾಗಿ ಮಾಡೆಲನ್ನು ಬದಲಿಸಿದರೆ ಸುದ್ದಿಯು ತಪ್ಪು ಥ್ರೆಡ್‌ನಲ್ಲಿ ಪರದೆಯನ್ನು ತಲುಪುತ್ತದೆ. ಪರದೆ ಚಿತ್ರಿಸುತ್ತಿರುವಾಗಲೇ ಸಾಲುಗಳು ಕಡಿಮೆಯಾಗಿ, ಇಲ್ಲದ ಸಾಲನ್ನು ಕೇಳುವ ದೋಷ ಉಂಟಾಗಬಹುದು. ಈ ದೋಷ ಪ್ರತಿ ಸಲವೂ ಕಾಣಿಸಿಕೊಳ್ಳದ ಕಾರಣ ಪತ್ತೆ ಹಚ್ಚುವುದು ಕಷ್ಟ.

ಇದಕ್ಕೆ ಪರಿಹಾರವೆಂದರೆ ಸ್ವಿಂಗ್ ಯುಟಿಲಿಟೀಸ್‌ನಲ್ಲಿರುವ ಇನ್ವೋಕ್ ಲೇಟರ್ ಮೆಥಡ್. ಮಾಡಬೇಕಾದ ಬದಲಾವಣೆಯನ್ನು ಅದಕ್ಕೆ ಒಪ್ಪಿಸಿದರೆ ಇವೆಂಟ್ ಡಿಸ್ಪ್ಯಾಚ್ ಥ್ರೆಡ್ ತನ್ನ ಸರದಿಯಲ್ಲಿ ಅದನ್ನು ನೆರವೇರಿಸುತ್ತದೆ. ಬಹಳ ವೇಗದ ಪಟ್ಟಿಗಳಲ್ಲಿ ಪ್ರತಿ ಸಾಲಿಗೂ ಒಂದೊಂದು ಸುದ್ದಿ ಕಳಿಸುವ ಬದಲು, ಅಲ್ಪ ಅವಧಿಯಲ್ಲಿ ಬಂದ ಅಂಟಿಕೊಂಡ ಸಾಲುಗಳನ್ನು ಒಟ್ಟುಗೂಡಿಸಿ ಒಂದೇ ಸುದ್ದಿಯಾಗಿ ಕಳಿಸುವುದು ಒಳ್ಳೆಯದು.

ಸಾಮಾನ್ಯ ದೋಷಗಳು

ಮಾಡೆಲನ್ನು ಬಿಟ್ಟು ಒಳಗಿನ ಸಂಗ್ರಹವನ್ನು ಬದಲಿಸುವುದು ಹೊಸಬರಲ್ಲಿ ಹೆಚ್ಚಾಗಿ ಕಾಣುವ ದೋಷ. ಸ್ವಂತ ಮಾಡೆಲ್‌ನ ಒಳಗಿರುವ ಅರೇ ಲಿಸ್ಟ್‌ಗೆ ಸಾಲನ್ನು ಸೇರಿಸಿ ಸುದ್ದಿ ಹೊರಡಿಸುವುದನ್ನು ಮರೆತರೆ ಪರದೆ ಬದಲಾಗುವುದಿಲ್ಲ. ಕಿಟಕಿಯನ್ನು ಚಿಕ್ಕದು ದೊಡ್ಡದು ಮಾಡಿದಾಗ ಹೊಸ ಸಾಲು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಇದೇ ದೋಷವಿರಬಹುದೆಂದು ಊಹಿಸಬಹುದು.

ಪ್ರತಿ ಬದಲಾವಣೆಗೂ ಇಡೀ ಪಟ್ಟಿಯನ್ನು ಹೊಸದಾಗಿ ಕೊಡುವುದು ಇನ್ನೊಂದು ಅಭ್ಯಾಸ. ಜೆ ಲಿಸ್ಟ್‌ನ ಸೆಟ್ ಲಿಸ್ಟ್ ಡೇಟಾ ಮೆಥಡನ್ನು ಕರೆದಾಗಲೆಲ್ಲ ಹೊಸ ಮಾಡೆಲ್ ಹುಟ್ಟುತ್ತದೆ, ಆಯ್ಕೆ ಅಳಿಸಿಹೋಗುತ್ತದೆ. ಹಳೆಯ ಮಾಡೆಲ್‌ನಲ್ಲಿ ನೋಂದಾಯಿಸಿದ್ದ ಇತರ ಕೇಳುಗರಿಗೆ ಮುಂದೆ ಯಾವ ಸುದ್ದಿಯೂ ಬರುವುದಿಲ್ಲ.

ಸುದ್ದಿ ಕೇಳುತ್ತಿರುವಾಗಲೇ ಅದೇ ಮಾಡೆಲನ್ನು ಬದಲಿಸುವುದೂ ಸಲ್ಲದು. ಒಂದು ಸುದ್ದಿ ಎಲ್ಲ ಕೇಳುಗರಿಗೆ ತಲುಪುವ ಮೊದಲೇ ಇನ್ನೊಂದು ಹೊರಟು, ಕೆಲವು ಕೇಳುಗರಿಗೆ ಹೊಸ ಸುದ್ದಿ ಮೊದಲು, ಹಳೆಯದು ಅನಂತರ ತಲುಪುತ್ತದೆ. ಅಷ್ಟರಲ್ಲಿ ಹಳೆಯ ಸುದ್ದಿಯ ಕ್ರಮಾಂಕಗಳಿಗೆ ಅರ್ಥ ಉಳಿದಿರುವುದಿಲ್ಲ.

ಕಿಟಕಿ ಮುಚ್ಚಿದ ಮೇಲೆ ಕೇಳುಗನ ನೋಂದಣಿಯನ್ನು ರದ್ದುಪಡಿಸದಿದ್ದರೆ, ಮಾಡೆಲ್ ಉಳಿದಿರುವವರೆಗೂ ಆ ಕಿಟಕಿಯ ವಸ್ತುಗಳು ಸ್ಮರಣೆಯಲ್ಲಿಯೇ ಉಳಿಯುತ್ತವೆ. ದಿನವಿಡೀ ತೆರೆದಿರುವ ಕಚೇರಿಯ ತಂತ್ರಾಂಶಗಳು ಸಂಜೆಯ ಹೊತ್ತಿಗೆ ನಿಧಾನವಾಗುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಇಳಿಪಟ್ಟಿ, ಅಂದರೆ ಕಾಂಬೋ ಬಾಕ್ಸ್, ಕೂಡ ಇದೇ ಕೇಳುಗನನ್ನು ಬಳಸುತ್ತದೆ. ಅದರಲ್ಲಿ ಆಯ್ಕೆ ಬದಲಾದಾಗ ಎರಡೂ ಕ್ರಮಾಂಕಗಳು −1 ಆಗಿರುವ ಕಂಟೆಂಟ್ಸ್ ಚೇಂಜ್ಡ್ ಸುದ್ದಿ ಹೊರಡುತ್ತದೆ. ಕ್ರಮಾಂಕ ಯಾವಾಗಲೂ 0 ಅಥವಾ ಅದಕ್ಕಿಂತ ಹೆಚ್ಚೆಂದು ಭಾವಿಸಿ ಬರೆದ ಕೇಳುಗರು ಇಲ್ಲಿ ಎಡವುತ್ತಾರೆ.

ಇತರ ಲೈಬ್ರರಿಗಳಲ್ಲಿ

ಇದೇ ವಿಚಾರವು ಬೇರೆ ಬೇರೆ ಹೆಸರುಗಳಿಂದ ಇತರ ಡೆಸ್ಕ್‌ಟಾಪ್ ಲೈಬ್ರರಿಗಳಲ್ಲೂ ಇದೆ. ಕ್ಯೂಟಿ ಲೈಬ್ರರಿಯ ಮಾಡೆಲ್ ಸಾಲುಗಳನ್ನು ಸೇರಿಸುವ ಮೊದಲು ಒಂದು, ಸೇರಿಸಿದ ಮೇಲೆ ಒಂದು ಎಂದು ಎರಡು ಸೂಚನೆಗಳನ್ನು ಕೊಡುತ್ತದೆ. ಅಳಿಸುವ ಮುನ್ನವೂ ಸೂಚನೆ ಬರುವುದರಿಂದ ಅಳಿಯಲಿರುವ ಸಾಲುಗಳನ್ನು ಕೊನೆಯ ಬಾರಿಗೆ ಓದಿಕೊಳ್ಳಲು ಅವಕಾಶವಿದೆ. ಸ್ಥಳಾಂತರಕ್ಕೂ ಅದರಲ್ಲಿ ಪ್ರತ್ಯೇಕ ಸೂಚನೆಯಿದೆ.

ಮೈಕ್ರೋಸಾಫ್ಟ್ ಸಂಸ್ಥೆಯು 2006ರಲ್ಲಿ ಡಾಟ್ ನೆಟ್ 3.0 ಜೊತೆಗೆ ತಂದ ಡಬ್ಲ್ಯೂಪಿಎಫ್‌ನಲ್ಲಿ ಅಬ್ಸರ್ವೇಬಲ್ ಕಲೆಕ್ಷನ್ ಎಂಬ ಸಂಗ್ರಹವಿದೆ. ಸೇರ್ಪಡೆ, ಅಳಿಕೆ, ಬದಲಿ, ಸ್ಥಳಾಂತರ ಮತ್ತು ಸಂಪೂರ್ಣ ಮರುಹೊಂದಿಕೆ ಎಂಬ ಐದು ಬಗೆಯ ಸುದ್ದಿಗಳನ್ನು ಅದು ಬಳಸುತ್ತದೆ. 2011ರ ಜಾವಾಎಫ್‌ಎಕ್ಸ್ 2.0 ಆವೃತ್ತಿಯ ಅಬ್ಸರ್ವೇಬಲ್ ಲಿಸ್ಟ್ ಅಳಿದ ಸಾಲುಗಳನ್ನೂ ಸುದ್ದಿಯ ಜೊತೆಗೇ ಕೊಡುತ್ತದೆ. ಗ್ನೋಮ್ ಬಳಗದ ಜಿಲಿಬ್‌ನ ಲಿಸ್ಟ್ ಮಾಡೆಲ್‌ನಲ್ಲಿ ಒಂದೇ ಬಗೆಯ ಸುದ್ದಿಯಿದೆ. ಯಾವ ಜಾಗದಲ್ಲಿ, ಎಷ್ಟು ಸಾಲುಗಳು ಹೋದವು, ಎಷ್ಟು ಬಂದವು ಎಂಬ ಮೂರು ಸಂಖ್ಯೆಗಳಲ್ಲಿ ಅದು ಎಲ್ಲವನ್ನೂ ಹೇಳುತ್ತದೆ.

ಮಿತಿಗಳು

ಲಿಸ್ಟ್ ಡೇಟಾ ಲಿಸನರ್ ಒಂದೇ ತಂತ್ರಾಂಶದ ಒಳಗಿನ ಬದಲಾವಣೆಯನ್ನು ಮಾತ್ರ ತಿಳಿಸಬಲ್ಲದು. ದೂರದ ದತ್ತಸಂಚಯದಲ್ಲಿ ಆದ ಬದಲಾವಣೆಯನ್ನು ಮಾಡೆಲ್‌ಗೆ ತರಲು ಬೇರೆ ವ್ಯವಸ್ಥೆ ಬೇಕು. ಬಂದ ಹೊಸ ಪಟ್ಟಿಯನ್ನು ಹಳೆಯದರೊಡನೆ ಹೋಲಿಸಿ, ಎಲ್ಲಿ ಸೇರಿದೆ ಎಲ್ಲಿ ಅಳಿದಿದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಮಾಡೆಲನ್ನು ಬದಲಿಸುವುದು ತಂತ್ರಾಂಶ ಬರೆಯುವವರ ಹೊಣೆ. ಈ ಶ್ರಮವನ್ನು ತಪ್ಪಿಸಲು ಎಲ್ಲವೂ ಬದಲಾಗಿದೆ ಎಂಬ ಒಂದೇ ಸುದ್ದಿಯನ್ನು ಕಳಿಸುವುದು ಸುಲಭ. ಪಟ್ಟಿ ಚಿಕ್ಕದಾಗಿದ್ದು, ಯಾವ ಸಾಲೂ ಆಯ್ಕೆಯಲ್ಲಿ ಇಲ್ಲದಿದ್ದರೆ ಅದರಿಂದ ಹಾನಿಯೂ ಇಲ್ಲ. ಆದರೆ ಆಯ್ಕೆ ಮಾಡಿದ ಸಾಲಿನಿಂದ ಒಬ್ಬರ ಅರ್ಜಿಯೋ ಜಮೀನಿನ ದಾಖಲೆಯೋ ಬೆಳೆಯ ದರವೋ ತೀರ್ಮಾನವಾಗುವಂತಿದ್ದರೆ, ಯಾವ ಸಾಲು ಎಲ್ಲಿಗೆ ಸರಿಯಿತು ಎಂಬ ನಿಖರವಾದ ಸುದ್ದಿಯೇ ಬೇಕಾಗುತ್ತದೆ.